ಬೆಳಗ್ಗೆ ಕೇಳಿದ ಡಿಬೇಟ್, ಸಂಜೆ ನೋಡಿದ ಡಿಬೇಟ್

ತೋಟದಮನೆ, ಮಾದಾಪುರ
11 ಸೆಪ್ಟೆಂಬರ್ 2024, ರಾತ್ರಿ 9.40

ಅಮೆರಿಕದ ಚುನಾವಣೆಗೂ ಮಾದಾಪುರಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಅಣ್ಣನ ಮಗಳು ಪೆನ್ಸಿಲ್ವೇನಿಯಾದಲ್ಲಿದ್ದಾಳೆ. ಅಲ್ಲಿನ ಪೌರತ್ವ ಸಿಕ್ಕಿದ ಮೇಲೆ ಇದು ಅವಳ ಮೊದಲ ವೋಟು. "ಚಿಕ್ಕಪ್ಪ, ನೀವೂ ಡಿಬೇಟ್ ನೋಡಿ, ಆಮೇಲೆ ಮಾತಾಡೋಣ" ಅಂತ ಗಣಪತಿ ಹಬ್ಬದ ದಿನ ಫೋನ್ ಮಾಡಿದ್ದಳು. ಅಲ್ಲಿ ಮಂಗಳವಾರ ರಾತ್ರಿ 9 ಗಂಟೆ ಅಂದರೆ ನಮಗೆ ಬುಧವಾರ ಬೆಳಗ್ಗೆ 6.30. ಕೆಲಸದವರು ಬರುವುದು 8ಕ್ಕೆ. ಟೈಮು ಸರಿಯಾಗಿಯೇ ಕೂಡಿ ಬಂದಿತ್ತು.

ಕೈ ಕೊಟ್ಟದ್ದು ಕರೆಂಟ್. ರಾತ್ರಿ ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದಿತ್ತು. ಯುಪಿಎಸ್ ಬೆಳಗಿನ ಜಾವಕ್ಕೇ ಸತ್ತಿತ್ತು. ಮೊಬೈಲ್‌ನಲ್ಲಿ ಹಾಕಿದರೆ ಚಕ್ರ ಸುತ್ತುತ್ತಲೇ ಇದೆ. ಕರೆಂಟ್ ಹೋದ ಹಿಂದೆಯೇ ಟವರೂ ಹೋಗುತ್ತದೆ, ಇಲ್ಲಿರುವವರಿಗೆ ಅದನ್ನೇನು ಬಿಡಿಸಿ ಹೇಳುವುದು. ಅಡುಗೆಮನೆ ಕಿಟಕಿಯ ಹತ್ತಿರ ಒಂದು ಕಡ್ಡಿ ಸಿಗ್ನಲ್ ಸಿಗುವ ಜಾಗ ಇದೆ. ಅಲ್ಲಿ ಅಕ್ಕಿ ಡಬ್ಬದ ಮೇಲೆ ಫೋನ್ ಇಟ್ಟೆ. ಧ್ವನಿ ಮಾತ್ರ ಬರುವ ಹಾಗೆ ಹಾಕಿದೆ. ರೇಡಿಯೋ ಕಾಲದ ಹಾಗೆ ಕೂತು ಕೇಳಿದೆ.

ಸುಮ್ನೆ ಕೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಆಗಸ್ಟ್ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು ಹಿಂದುಗಡೆ ಎರಡು ಗೆರೆ ಎಳೆದೆ. ಅಧ್ಯಕ್ಷ ಸ್ಥಾನಕ್ಕೆ ನಿಂತ ಇಬ್ಬರು, ಒಂದು ಕಡೆ ಕಮಲಾ ಹ್ಯಾರಿಸ್, ಇನ್ನೊಂದು ಕಡೆ ಡೊನಾಲ್ಡ್ ಟ್ರಂಪ್. ಕೇಳಿದ ಪ್ರಶ್ನೆಗೆ ಉತ್ತರ ಬಂದರೆ ಟಿಕ್, ಬರದಿದ್ದರೆ ಸೊನ್ನೆ. ಕೆಲಸದವರ ಹಾಜರಿ ಹಾಕಿ ಹಾಕಿ ಬಂದ ಅಭ್ಯಾಸ.

ಮೊದಲ ಪ್ರಶ್ನೆಯೇ ಹ್ಯಾರಿಸ್‌ಗೆ. ನಾಲ್ಕು ವರ್ಷದ ಹಿಂದಿಗಿಂತ ಜನ ಈಗ ಚೆನ್ನಾಗಿದ್ದಾರಾ? ಹೌದು ಅನ್ನಬಹುದಿತ್ತು, ಇಲ್ಲ ಅನ್ನಬಹುದಿತ್ತು. ಆಕೆ ತಾನು ಮಧ್ಯಮ ವರ್ಗದ ಮನೆಯಲ್ಲಿ ಬೆಳೆದ ಕಥೆ ಹೇಳಿದರು. ಮಗುವಿರುವ ಮನೆಗೆ 6,000 ಡಾಲರ್ ತೆರಿಗೆ ರಿಯಾಯಿತಿ, ಹೊಸದಾಗಿ ಶುರು ಮಾಡುವ ಸಣ್ಣ ವ್ಯಾಪಾರಕ್ಕೆ 50,000 ಡಾಲರ್ ವಿನಾಯಿತಿ ಅಂದರು. ಒಳ್ಳೆಯದೇ. ಆದರೆ ಕೇಳಿದ್ದು ಅದಲ್ಲವಲ್ಲ. ಸೊನ್ನೆ. ಧ್ವನಿಯೂ ಬಾಯಿಪಾಠ ಒಪ್ಪಿಸಿದ ಹಾಗಿತ್ತು.

ಟ್ರಂಪ್ ಧ್ವನಿ ಶುರುವಿನಲ್ಲಿ ಗಟ್ಟಿಯಾಗಿತ್ತು. ದೇಶಕ್ಕೆಲ್ಲ ಗರ್ಭಪಾತ ನಿಷೇಧಿಸುವ ಕಾನೂನು ನಿಮ್ಮ ಮುಂದೆ ಬಂದರೆ ತಡೆಯುತ್ತೀರಾ ಅಂತ ಕೇಳಿದರು ನೋಡಿ, ಆ ಕಡೆ ಈ ಕಡೆ ಸುತ್ತಿದರು. ಸೊನ್ನೆ. ಆರೋಗ್ಯ ವಿಮೆಯ ಪ್ರಶ್ನೆ ಇನ್ನೂ ಮಜಾ. ನೀವು ಮೊದಲ ಸಲ ನಿಂತು ಒಂಬತ್ತು ವರ್ಷ ಆಯ್ತು, ಈಗಲಾದರೂ ಪ್ಲಾನ್ ಇದೆಯಾ ಅಂದರೆ, ಪ್ಲಾನ್‌ನ ಕಲ್ಪನೆಗಳಿವೆ ಅಂದರು. ಕಡುಬಿನ ಹಿಟ್ಟು ಉಂಡೆ ಕಟ್ಟುತ್ತಿದ್ದ ನಮ್ಮ ಮನೆಯವಳು ನಕ್ಕುಬಿಟ್ಟಳು. "ತಿಂಡಿಯ ಕಲ್ಪನೆ ಇದೆ, ತಿಂತೀರಾ?" ಅಂದಳು.

ಮುಗಿದ ಮೇಲೆ ಎಣಿಸಿದೆ. ಇಬ್ಬರಿಗೂ ಸೊನ್ನೆಯೇ ಜಾಸ್ತಿ. ಟ್ರಂಪ್‌ಗೆ ಇನ್ನೂ ಮೂರ್ನಾಲ್ಕು ಹೆಚ್ಚು, ಅಷ್ಟೇ. ಹೆಚ್ಚುಕಡಿಮೆ ಸಮ ಅಂತ ಮಗಳಿಗೆ ಮೆಸೇಜ್ ಹಾಕಿದೆ. "ಚಿಕ್ಕಪ್ಪ, ನೀವು ಯಾವ ಡಿಬೇಟ್ ಕೇಳಿದಿರಿ?" ಅಂತ ಉತ್ತರ ಬಂತು.

ಸಂಜೆ 5ಕ್ಕೆ ಕರೆಂಟ್ ಬಂತು. ಮಗ ಟಿವಿಯಲ್ಲಿ ಪೂರ್ತಿ ಹಾಕಿದ. ಇಬ್ಬರೂ ಒಳಗೆ ಬರುವಾಗಲೇ ಹ್ಯಾರಿಸ್ ಸೀದಾ ಟ್ರಂಪ್ ನಿಂತ ಜಾಗಕ್ಕೆ ಹೋಗಿ ಕೈ ಚಾಚಿ ಹೆಸರು ಹೇಳಿಕೊಂಡರು. ಇದೆಲ್ಲ ಬೆಳಗ್ಗೆ ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಪರದೆ ಎರಡು ಭಾಗ. ಆತ ಮಾತಾಡುವಾಗ ಈಕೆ ಗಲ್ಲಕ್ಕೆ ಕೈ ಕೊಟ್ಟು ಅವರನ್ನೇ ನೋಡುವುದು, ಹುಬ್ಬು ಏರಿಸುವುದು, ತಲೆ ಅಲ್ಲಾಡಿಸುವುದು. ಆತ ಈಕೆಯ ಕಡೆ ತಿರುಗಿದ್ದೇ ಅಪರೂಪ. ಮುಗಿಯುವ ಹೊತ್ತಿಗೆ ನನಗೂ ಅನ್ನಿಸಿತು, ಹ್ಯಾರಿಸ್ ಗೆದ್ದರು. ಅನುಮಾನವೇ ಇಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಕೊನೆಯ ಪ್ರಶ್ನೆ ಹವಾಮಾನದ್ದು. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಿನ ಗುಡ್ಡಗಳು ಜಾರಿದ್ದನ್ನು ಕಣ್ಣಾರೆ ಕಂಡವನು ನಾನು. ಬೆಳಗ್ಗೆ ಈ ಪ್ರಶ್ನೆ ಬಂದಾಗ ಫೋನ್ ಕೈಗೆತ್ತಿಕೊಂಡು ಕಿವಿಗೇ ಹಿಡಿದಿದ್ದೆ. ಮಳೆ ಗಾಳಿ ಹೊಡೆತದ ಊರುಗಳಲ್ಲಿ ಜನರಿಗೆ ಮನೆ ವಿಮೆಯೇ ಸಿಗುತ್ತಿಲ್ಲ ಅಂತ ಹ್ಯಾರಿಸ್ ಎರಡು ಮಾತು ಹೇಳಿ ಕಾರ್ಖಾನೆ, ಉದ್ಯೋಗದ ಕಡೆ ಹೊರಟರು. ಅರ್ಧ ಟಿಕ್. ಟ್ರಂಪ್ ಹವಾಮಾನದ ಸುದ್ದಿಗೇ ಬರದೆ ಮೆಕ್ಸಿಕೊದ ಕಾರು ಕಾರ್ಖಾನೆಗೆ ಹೋದರು. ಸೊನ್ನೆ. ಸಂಜೆ ಅದೇ ಪ್ರಶ್ನೆ ಬಂದಾಗ ನಾನೇನು ಮಾಡುತ್ತಿದ್ದೆ ಗೊತ್ತಾ? ಹ್ಯಾರಿಸ್ ಈಗ ಮುಖ ಹೇಗೆ ಮಾಡುತ್ತಾರೆ ಅಂತ ಕಾಯುತ್ತಿದ್ದೆ. "ಅಪ್ಪ, ಇದಕ್ಕೆ ಎಷ್ಟು ಹಾಕಿದ್ರಿ?" ಅಂತ ಮಗ ಕೇಳಿದರೆ, ಹಾಳೆ ನೋಡಿ ಹೇಳಬೇಕಾಯಿತು.

ಅದೇ ಮಾತು, ಅದೇ ಜನ. ಬೆಳಗ್ಗೆ ಒಂದು ತೀರ್ಪು, ಸಂಜೆ ಇನ್ನೊಂದು. ಯಾವುದನ್ನು ನಂಬಲಿ?

ಕುಶಾಲನಗರ ಹುಡುಗ
11 ಸೆಪ್ಟೆಂಬರ್, ರಾತ್ರಿ 9.52

ಅಣ್ಣಾ, ನಮ್ಮ ವಾರ್ಡಿನ ಚರಂಡಿಗೆ ಡಿಬೇಟ್ ಇಲ್ಲ. ನೀವು ಆ ಡಿಬೇಟ್ ನಡೆದ ಫಿಲಡೆಲ್ಫಿಯಾಕ್ಕೆ ಹೋಗಿ ಕೂತಿದ್ದೀರಿ.

ತೋಟದಮನೆ, ಮಾದಾಪುರ
11 ಸೆಪ್ಟೆಂಬರ್, ರಾತ್ರಿ 9.58

ಚರಂಡಿ ಬಗ್ಗೆ ನೀನು ಬೇರೆ ಶುರು ಮಾಡು ತಮ್ಮಾ. ಅಲ್ಲಿಗೂ ಹಾಳೆ ಹಿಡಿದುಕೊಂಡು ಬರುತ್ತೇನೆ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ
11 ಸೆಪ್ಟೆಂಬರ್, ರಾತ್ರಿ 10.35

ನಿಮ್ಮ ಅನುಭವ ಅರುವತ್ತು ವರ್ಷ ಹಳೆಯದು ಸ್ವಾಮಿ. 1960ರ ಸೆಪ್ಟೆಂಬರ್ 26ಕ್ಕೆ ಶಿಕಾಗೊದಲ್ಲಿ ಕೆನಡಿ ಮತ್ತು ನಿಕ್ಸನ್ ಮೊದಲ ಸಲ ಟಿವಿಯಲ್ಲಿ ಎದುರುಬದುರಾದರು. ನಿಕ್ಸನ್ ಮೊಣಕಾಲು ಸೋಂಕಾಗಿ ಆಸ್ಪತ್ರೆ ಸೇರಿ ಆಗಷ್ಟೇ ಎದ್ದು ಬಂದಿದ್ದರು, ಸೊರಗಿದ್ದರು. ಹಾಕಿಕೊಂಡ ಬೂದು ಸೂಟು ಹಿಂದಿನ ಗೋಡೆಯ ಬಣ್ಣದ ಜೊತೆ ಕಲಸಿಹೋಯಿತು. ಕೆನಡಿ ಬಿಸಿಲಿಗೆ ಕಂದಿದ ಮೈಬಣ್ಣದಲ್ಲಿ ಮಿಂಚುತ್ತಿದ್ದರು. ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರು ಅಂದರು, ಟಿವಿಯಲ್ಲಿ ನೋಡಿದವರು ಕೆನಡಿ ಅಂದರು. ನಾನೂ ಕ್ಲಾಸಿನಲ್ಲಿ ಎಷ್ಟೋ ವರ್ಷ ಹಾಗೇ ಪಾಠ ಮಾಡಿದ್ದೇನೆ.

ಆಮೇಲೆ ಓದಿದಾಗ ತಿಳಿಯಿತು, ಆ ಮಾತು ನಿಂತಿರುವುದು ಒಂದು ಸಣ್ಣ ಸಮೀಕ್ಷೆಯ ಮೇಲೆ. ರೇಡಿಯೋ ಕೇಳುತ್ತಿದ್ದವರಲ್ಲಿ ಹಳ್ಳಿಯವರು ಜಾಸ್ತಿ ಇದ್ದಿರಬಹುದು, ಅವರು ಮೊದಲೇ ನಿಕ್ಸನ್ ಕಡೆ ಇದ್ದಿರಬಹುದು. ಕಿವಿಯಿಂದ ಮನಸ್ಸು ಬದಲಾಯಿತು ಅಂತ ಸಾಬೀತು ಮಾಡುವುದು ಕಷ್ಟ. ನಿಮ್ಮದಾದರೆ ಕಿವಿಯೂ ಒಂದೇ, ಕಣ್ಣೂ ಒಂದೇ, ಆಸಾಮಿಯೂ ಒಬ್ಬನೇ. ಆ ಲೆಕ್ಕದಲ್ಲಿ ನಿಮ್ಮ ಅಕ್ಕಿ ಡಬ್ಬದ ಪ್ರಯೋಗ ವಾಸಿ.

ಇನ್ನೊಂದು ಹೇಳದೆ ಇರಲಾರೆ. 1976ರ ಸೆಪ್ಟೆಂಬರ್ 23, ಇದೇ ಫಿಲಡೆಲ್ಫಿಯಾ. ಫೋರ್ಡ್ ಮತ್ತು ಕಾರ್ಟರ್ ಮಾತಾಡುತ್ತಿದ್ದಾಗ ಧ್ವನಿ ಕೆಟ್ಟುಹೋಯಿತು. 27 ನಿಮಿಷ! ಇಬ್ಬರೂ ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಕೋಟ್ಯಂತರ ಜನರ ಮುಂದೆ ಗೊಂಬೆಗಳ ಹಾಗೆ ನಿಂತರು. ನಿಮಗೆ ಚಿತ್ರ ಇರಲಿಲ್ಲ, ಅವರಿಗೆ ಧ್ವನಿ ಇರಲಿಲ್ಲ.

ಬಾಳೆಲೆ ಬಾಣೆ
11 ಸೆಪ್ಟೆಂಬರ್, ರಾತ್ರಿ 10.41

27 ನಿಮಿಷ ರಾಜಕಾರಣಿಗಳು ಸುಮ್ನೆ ನಿಂತರಾ? ಆ ಟೆಕ್ನೀಷಿಯನ್‌ನನ್ನು ನಮ್ಮ ಚಾನೆಲ್‌ಗಳಿಗೆ ಕಳಿಸಿ.

ವಕೀಲೆ, ಮಡಿಕೇರಿ
12 ಸೆಪ್ಟೆಂಬರ್, ಬೆಳಗ್ಗೆ 7.15

ಈ ಸಲದ ನಿಯಮ ನೋಡಿದರೆ ಬಾಳೆಲೆಯವರ ಆಸೆ ಅರ್ಧ ತೀರಿದೆ. ಒಬ್ಬರ ಸರದಿಯಲ್ಲಿ ಇನ್ನೊಬ್ಬರ ಮೈಕ್ ಬಂದ್. ಎದುರಿಗೆ ಪ್ರೇಕ್ಷಕರಿಲ್ಲ. ಬರೆದು ತಂದ ಚೀಟಿ ಇಲ್ಲ. ಖಾಲಿ ಹಾಳೆ, ಪೆನ್ನು, ನೀರಿನ ಬಾಟಲಿ ಅಷ್ಟೇ. ಉತ್ತರಕ್ಕೆ ಎರಡು ನಿಮಿಷ. ಇಷ್ಟಾದರೂ ಟ್ರಂಪ್ ಒಟ್ಟು ಸುಮಾರು 43 ನಿಮಿಷ ಮಾತಾಡಿದರು, ಹ್ಯಾರಿಸ್ ಸುಮಾರು 38. ಮೈಕ್ ಬಂದ್ ಇದ್ದವರು ಮುಖದಲ್ಲೇ ಮಾತಾಡಿದರು. ಸರ್ ಸಂಜೆ ನೋಡಿದ್ದು ಅದನ್ನೇ.

ನಮ್ಮಲ್ಲಿ ಯಾಕಿಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಯತ್ನ ನಡೆಯಲಿಲ್ಲ ಅಂತಲ್ಲ. ಇದೇ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ಎ.ಪಿ. ಶಾ, ಪತ್ರಕರ್ತ ಎನ್. ರಾಮ್ ಮೂವರೂ ಸೇರಿ ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರಿಗೂ ಪತ್ರ ಬರೆದು ಬಹಿರಂಗ ಚರ್ಚೆಗೆ ಕರೆದಿದ್ದರು. ರಾಹುಲ್ ಒಪ್ಪಿದರು. ಚರ್ಚೆ ಮಾತ್ರ ನಡೆಯಲಿಲ್ಲ. ಇದನ್ನು ಹಿಡಿದುಕೊಂಡು ಇಲ್ಲಿ ಯಾರೂ ಬಾವುಟ ಬೀಸಬೇಡಿ. ನಾನು ನಡೆದದ್ದು ಹೇಳಿದೆ.

ನಮ್ಮದು ಪಾರ್ಲಿಮೆಂಟ್ ಪದ್ಧತಿ, ಅಧ್ಯಕ್ಷರ ಡಿಬೇಟ್ ನಮಗೆ ಹೊಂದಲ್ಲ ಅನ್ನುವವರೂ ಇದ್ದಾರೆ. ಬ್ರಿಟನ್‌ನದೂ ಪಾರ್ಲಿಮೆಂಟ್ ಪದ್ಧತಿಯೇ. ಅಲ್ಲಿ 2010ರಲ್ಲಿ ಶುರು ಮಾಡಿದರು.

ಗೋಣಿಕೊಪ್ಪ ಮೆಣಸು
12 ಸೆಪ್ಟೆಂಬರ್, ಬೆಳಗ್ಗೆ 8.50

ಆಮದು ಸುಂಕದ ಭಾಗ ಯಾರೂ ಎತ್ತಲೇ ಇಲ್ಲವಲ್ಲ! ಸುಂಕ ಹಾಕುವುದು ಬೇರೆ ದೇಶಗಳ ಮೇಲೆ ಅಂದರು ಟ್ರಂಪ್. ಅದು ಜನರ ಮೇಲೆ ಬೀಳುವ ಮಾರಾಟ ತೆರಿಗೆ ಅಂದರು ಹ್ಯಾರಿಸ್. ಕರಿಮೆಣಸು ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ವಿಯೆಟ್ನಾಂ ಮೆಣಸು ಬಂದಾಗ ಬಂದರಿನಲ್ಲಿ ಸುಂಕ ಕಟ್ಟುವವನು ಇಲ್ಲಿ ತರಿಸಿಕೊಂಡ ವ್ಯಾಪಾರಿ. ಅವನು ಅದನ್ನು ರೇಟಿಗೆ ಸೇರಿಸುತ್ತಾನೆ. ಕೊಳ್ಳುವವನಿಗೆ ಭಾರ. ನಮಗೆ ಲಾಭ, ಯಾಕಂದರೆ ನಮ್ಮ ಮೆಣಸಿಗೆ ಬೆಲೆ ನಿಲ್ಲುತ್ತದೆ. ಎರಡೂ ನಿಜ. ಡಿಬೇಟ್‌ನಲ್ಲಿ ಇಬ್ಬರೂ ಅರ್ಧರ್ಧ ಹೇಳಿದರು.

ಸುಂಕ ಹಾಕಿದ ಕೂಡಲೇ ಮುಗಿಯಿತಾ? ಶ್ರೀಲಂಕಾದ ಮೆಣಸಿಗೆ ಸುಂಕ ಕಡಿಮೆ. ವಿಯೆಟ್ನಾಂ ಮಾಲು ಅಲ್ಲಿಗೆ ಬಂದು ಅಲ್ಲಿಯದೇ ಅನ್ನಿಸಿಕೊಂಡು ಇಲ್ಲಿಗೆ ಬರುತ್ತದೆ ಅಂತ ನಮ್ಮ ಬೆಳೆಗಾರರು ಎಷ್ಟು ವರ್ಷ ಕೂಗಿಕೊಂಡರು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಅಂತ ಮಾಡಿತು. ಆಮೇಲೂ ನಮಗೆ 500 ಸಿಗದೆ ಮಾರಿದ ವರ್ಷಗಳಿವೆ. ನೀವು ಮೋರಿ ಒಂದು ಕಡೆ ಮುಚ್ಚಿದರೆ ನೀರು ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆ. ಆ ವೇದಿಕೆ ಮೇಲೆ ಇಬ್ಬರಲ್ಲಿ ಒಬ್ಬರಾದರೂ ಇದನ್ನು ಹೇಳಿದ್ದರೆ ನಾನು ಎರಡು ಟಿಕ್ ಹಾಕುತ್ತಿದ್ದೆ.

ಪೆನ್ಸಿಲ್ವೇನಿಯಾದಿಂದ
12 ಸೆಪ್ಟೆಂಬರ್, ರಾತ್ರಿ 8.05

ನಾನೇ ಆ ಅಣ್ಣನ ಮಗಳು. ಚಿಕ್ಕಪ್ಪ ಲಿಂಕ್ ಕಳಿಸಿದರು. ಕನ್ನಡದಲ್ಲಿ ಇಷ್ಟುದ್ದ ಬರೆದು ವರ್ಷಗಳಾದವು, ತಪ್ಪಿದ್ದರೆ ಮೇಷ್ಟ್ರು ತಿದ್ದಲಿ.

ನಮ್ಮ ರಾಜ್ಯದಲ್ಲಿ ಚುನಾವಣೆ ಅಂದರೆ ತಲೆನೋವು. ಇದು ಯಾವ ಕಡೆಗೂ ವಾಲಬಹುದು, ಹಾಗಾಗಿ ಟಿವಿ ಹಾಕಿದರೆ ಜಾಹೀರಾತು, ಬಾಗಿಲು ತೆಗೆದರೆ ಕರಪತ್ರ. ಡಿಬೇಟ್‌ನಲ್ಲಿ ನಾನು ಕಾದದ್ದು ಫ್ರ್ಯಾಕಿಂಗ್ ಪ್ರಶ್ನೆಗೆ. ಬಂಡೆ ಒಡೆದು ಗ್ಯಾಸ್ ತೆಗೆಯುವುದು. ಇಲ್ಲಿ ಎಷ್ಟೋ ಮನೆಗೆ ಅದೇ ಅನ್ನ. ಬಾವಿ ನೀರು ಕೆಟ್ಟಿತು ಅನ್ನುವವರೂ ಇದ್ದಾರೆ. ಹ್ಯಾರಿಸ್ 2019ರಲ್ಲಿ ನಿಷೇಧಿಸಬೇಕು ಅಂದಿದ್ದರು, ಈಗ ನಿಷೇಧಿಸಲ್ಲ ಅಂದರು. ಯಾಕೆ ಬದಲಾಯಿತು ಅನ್ನುವುದು ನನಗೆ ಬೇಕಿತ್ತು. ಅದು ಸಿಗಲಿಲ್ಲ. ಚಿಕ್ಕಪ್ಪ, ಇದಕ್ಕೆ ನೀವು ಟಿಕ್ ಹಾಕಿದ್ದೀರಿ ಅಂದಿರಿ. ನಾನಾಗಿದ್ದರೆ ಸೊನ್ನೆ.

ಆದರೆ ನಿಮ್ಮ ಹಾಳೆಗೆ ಬಾರದ್ದು ಒಂದಿದೆ. ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸೆ ಬಂದವರು ಜನರ ಸಾಕುನಾಯಿ, ಬೆಕ್ಕು ತಿನ್ನುತ್ತಿದ್ದಾರೆ ಅಂದರಲ್ಲ ಟ್ರಂಪ್. ಅಂಥದ್ದಕ್ಕೆ ನಂಬುವಂಥ ದೂರು ಯಾವುದೂ ಬಂದಿಲ್ಲ ಅಂತ ಊರಿನ ಆಡಳಿತ ಹೇಳಿದೆ ಅಂತ ಡಿಬೇಟ್ ನಡೆಸುತ್ತಿದ್ದ ಡೇವಿಡ್ ಮ್ಯೂರ್ ಅಲ್ಲೇ ತಿದ್ದಿದರು. ತಿದ್ದಿದರೆ ಮಾತು ವಾಪಸ್ ಹೋಗುತ್ತದಾ? ನನ್ನ ಜೊತೆ ಹೈಟಿಯಿಂದ ಬಂದ ಒಬ್ಬರು ಕೆಲಸ ಮಾಡುತ್ತಾರೆ. ನನಗಿಂತ ದೊಡ್ಡವರು. ನಿನ್ನೆ ಊಟದ ಹೊತ್ತಿಗೆ ಡಬ್ಬಿ ತೆರೆದರು. ಅನ್ನ, ಹುರುಳಿಯ ತರದ ಒಂದು ಕಾಳು, ಮೀನು. ಪಕ್ಕದ ಟೇಬಲ್‌ನಲ್ಲಿ ಯಾರೋ ಏನೋ ಅಂದು ನಕ್ಕರು. ನಮ್ಮ ಬಗ್ಗೆಯೇ ನಕ್ಕರಾ, ಬೇರೆ ಏನಕ್ಕಾದರೂ ನಕ್ಕರಾ, ಗೊತ್ತಿಲ್ಲ. ಅವರು ಡಬ್ಬಿ ಮುಚ್ಚಳ ಹಾಕಿ ಬ್ಯಾಗಿಗೆ ಇಟ್ಟುಕೊಂಡರು. ಊಟ ಮಾಡಲಿಲ್ಲ.

ನಾನು ಡಿಬೇಟ್ ನೋಡುವಾಗ ಆ ಮಾತಿಗೆ ನಕ್ಕಿದ್ದೆ.

ತೋಟದಮನೆ, ಮಾದಾಪುರ
12 ಸೆಪ್ಟೆಂಬರ್, ರಾತ್ರಿ 9.20

ಹಾಳೆ ತೆಗೆದು ನೋಡಿದೆ ಮಗಳೇ. ಆ ಜಾಗದಲ್ಲಿ 'ವಲಸೆ' ಅಂತ ಬರೆದು ಎರಡೂ ಕಡೆ ಸೊನ್ನೆ ಹಾಕಿದ್ದೇನೆ. ಹ್ಯಾರಿಸ್‌ಗೆ ಯಾಕಂದರೆ, ಗಡಿ ವಿಷಯದಲ್ಲಿ ಇಷ್ಟು ತಡ ಯಾಕೆ ಮಾಡಿದಿರಿ ಅಂತ ಕೇಳಿದಾಗ ಟ್ರಂಪ್ ಸಭೆಯಿಂದ ಜನ ಬೇಜಾರಾಗಿ ಎದ್ದು ಹೋಗುತ್ತಾರೆ ಅಂತ ಚುಚ್ಚಿ ಮಾತು ತಿರುಗಿಸಿದರು. ಟ್ರಂಪ್‌ಗೆ ಆ ನಾಯಿ ಬೆಕ್ಕಿನ ಮಾತಿಗೆ. ಎರಡೂ ಸೊನ್ನೆ ಒಂದೇ ಅಳತೆಯದ್ದು. ಅದು ಸರಿಯಿಲ್ಲ. ಉತ್ತರ ಕೊಡದೆ ಜಾರಿಕೊಳ್ಳುವುದು ಬೇರೆ, ಒಬ್ಬರ ಊಟದ ಡಬ್ಬಿ ಮುಚ್ಚಿಸುವುದು ಬೇರೆ. ನನ್ನ ಹಾಜರಿ ಪುಸ್ತಕದಲ್ಲಿ ಅದಕ್ಕೆ ಗುರುತಿಲ್ಲ.

ಹಾಡಿ ಶಾಲೆ ಟೀಚರ್, ತಿತಿಮತಿ ಕಡೆ
12 ಸೆಪ್ಟೆಂಬರ್, ರಾತ್ರಿ 10.10

ಎರಡು ದಿನದಿಂದ ಓದುತ್ತಿದ್ದೆ, ಬರೆಯುವುದು ಬೇಡ ಅಂದುಕೊಂಡಿದ್ದೆ. ಅಕ್ಕನ ಡಬ್ಬಿಯ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಹಾಡಿಯ (ಕಾಡಂಚಿನ ಆದಿವಾಸಿ ಕೇರಿಯ) ಮಕ್ಕಳು ಹೈಸ್ಕೂಲಿಗೆ ಹೋದ ಮೊದಲ ವಾರ ಕಾಡುಗೆಣಸು ತರುತ್ತಾರೆ. ಎರಡನೇ ವಾರ ತರುವುದಿಲ್ಲ. ಯಾಕೆ ಅಂತ ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಇನ್ನು ಅಸ್ಸಾಂನಿಂದ ಬಂದು ಲೈನ್‌ಮನೆಯಲ್ಲಿರುವವರ ಬಗ್ಗೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಏನೇನು ಬರುತ್ತದೆ, ಇಲ್ಲಿರುವ ಎಲ್ಲರಿಗೂ ಗೊತ್ತು. ಅವರು ಏನು ತಿನ್ನುತ್ತಾರೆ ಅಂತ ಫಾರ್ವರ್ಡ್ ಮಾಡಿದವರು ನಿನ್ನೆ ಟ್ರಂಪ್ ವಿಡಿಯೊ ಹಾಕಿ ನಕ್ಕಿದ್ದನ್ನೂ ನೋಡಿದೆ. ಸ್ಪ್ರಿಂಗ್‌ಫೀಲ್ಡ್ ಅಷ್ಟೇನೂ ದೂರ ಇಲ್ಲ.

ಡಿಬೇಟ್ ನಮ್ಮಲ್ಲೂ ಬೇಕು ಅಂತ ನಾಳೆ ಯಾರಾದರೂ ಬರೆಯುತ್ತೀರಿ. ಆಗ ಕೇಳುವ ಪ್ರಶ್ನೆ ಯಾವುದು? ಮೆಣಸಿನ ಬೆಲೆ, ಸಿ ಆ್ಯಂಡ್ ಡಿ ದರ್ಜೆಯ ಸರ್ಕಾರಿ ಜಾಗ, ಕಾಫಿಗೆ ಉಚಿತ ವಿದ್ಯುತ್. ಜಾಗ ಇದ್ದವರ ಪ್ರಶ್ನೆಗಳು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಚಳಿಯಲ್ಲಿ ಕೂತವರಿಗೆ ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಕಾಡಂಚಿನಿಂದ ಕುಶಾಲನಗರದ ಕಡೆಗೆ. ಕೆಲಸ ಇದ್ದದ್ದು ಎಲ್ಲಿ, ಮನೆ ಕೊಟ್ಟದ್ದು ಎಲ್ಲಿ? ಯಾವ ಟಿವಿಯವರು ಇದನ್ನು ಅಭ್ಯರ್ಥಿಗಳ ಮುಂದೆ ಇಟ್ಟರು?

ಗೋಣಿಕೊಪ್ಪ ಮೆಣಸು
12 ಸೆಪ್ಟೆಂಬರ್, ರಾತ್ರಿ 10.32

ಟೀಚರ್, ಮಾತು ತಾಗಿತು. ಸುಳ್ಳು ಹೇಳುವುದಿಲ್ಲ, ಅಂಥದ್ದೊಂದು ಫಾರ್ವರ್ಡ್ ನಾನೂ ಮಾಡಿದ್ದೇನೆ. ಆದರೆ ಜಾಗ ಇದ್ದವರ ಪ್ರಶ್ನೆ ಅಂತ ಒಂದೇ ಬುಟ್ಟಿಗೆ ಹಾಕಬೇಡಿ. ಬೆಳಗ್ಗೆ ಕೆಲಸಕ್ಕೆ ನಡೆದು ಬರುವಾಗ ಆನೆ ಸಿಗುವುದು ನಿಮ್ಮ ಹಾಡಿಯವರಿಗೇ ಮೊದಲು. ಆನೆ ಪ್ರಶ್ನೆ ಎಲ್ಲರದ್ದು.

ಹಾಡಿ ಶಾಲೆ ಟೀಚರ್, ತಿತಿಮತಿ ಕಡೆ
12 ಸೆಪ್ಟೆಂಬರ್, ರಾತ್ರಿ 10.36

ಒಪ್ಪುತ್ತೇನೆ ಅಣ್ಣ. ಅದನ್ನು ಮೊದಲು ಕೇಳೋಣ.

ವಕೀಲೆ, ಮಡಿಕೇರಿ
13 ಸೆಪ್ಟೆಂಬರ್, ಬೆಳಗ್ಗೆ 7.05

ಕೇಳಿದರೆ ಏನಾಗುತ್ತದೆ ಹೇಳಲಾ? ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕಾಯ್ದೆ ಕೇಂದ್ರದ್ದು. ಕಾಡು ಕಾಯುವ ಸಿಬ್ಬಂದಿ, ಕಂದಕ, ರೈಲ್ವೆ ಕಂಬಿಯ ಬೇಲಿ, ಪರಿಹಾರದ ದುಡ್ಡು ರಾಜ್ಯದ ಕೈಯಲ್ಲಿ. ಶಾಸಕರಾಗುವವರು ದೆಹಲಿ ಕಡೆ ಕೈ ತೋರಿಸುತ್ತಾರೆ, ಸಂಸದರಾಗುವವರು ಬೆಂಗಳೂರಿನ ಕಡೆ. ಯಾವ ಪಕ್ಷ ಅಂತಿಲ್ಲ. ಎರಡು ನಿಮಿಷ ಅದರಲ್ಲೇ ಕಳೆಯುತ್ತದೆ. ಪ್ರಾಣ ಹೋದರೆ ಪರಿಹಾರ 15 ಲಕ್ಷ ಮಾಡಿದ್ದೇವೆ ಅಂತ ಒಬ್ಬರು, ಸಾಲದು ಅಂತ ಇನ್ನೊಬ್ಬರು. ಪ್ರಾಣ ಹೋಗದ ಹಾಗೆ ಏನು ಮಾಡುತ್ತೀರಿ ಅನ್ನುವುದು ಹಾಗೇ ಉಳಿಯುತ್ತದೆ.

ಆದ್ದರಿಂದ ಪ್ರಶ್ನೆ ಕೇಳುವುದನ್ನೂ ಕಲಿಯಬೇಕು. "ಆನೆ ಸಮಸ್ಯೆಗೆ ಏನು ಮಾಡುತ್ತೀರಿ" ಅಂದರೆ ಭಾಷಣ ಸಿಗುತ್ತದೆ. "ತಿತಿಮತಿಯಿಂದ ಮಾಲ್ದಾರೆವರೆಗೆ ಕಂಬಿ ಬೇಲಿ ಎಲ್ಲೆಲ್ಲಿ ಬಿಟ್ಟುಹೋಗಿದೆ, ಯಾವ ವರ್ಷ ಮುಗಿಸುತ್ತೀರಿ" ಅಂದರೆ ಗೊತ್ತಿದ್ದವರು ಮಾತ್ರ ಬಾಯಿ ತೆರೆಯುತ್ತಾರೆ.

ನಾಪೋಕ್ಲು, 82
13 ಸೆಪ್ಟೆಂಬರ್, ಸಂಜೆ 6.30

ಮೊಮ್ಮಗ ಟೈಪ್ ಮಾಡುತ್ತಿದ್ದಾನೆ, ಹೇಳುವುದು ನಾನು.

1952ರಲ್ಲಿ ನನಗೆ ಹತ್ತು ವರ್ಷ. ಆಗ ಕೊಡಗು ಬೇರೆ ರಾಜ್ಯ. ನಮಗೇ 24 ಜನರ ವಿಧಾನಸಭೆ ಇತ್ತು. ಕಾಂಗ್ರೆಸ್ 15, ಪಕ್ಷೇತರರು 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಈಗ ಐದೂವರೆ ಲಕ್ಷ ಜನರಿಗೆ ಇಬ್ಬರು ಶಾಸಕರು. ಆಗ ಅಭ್ಯರ್ಥಿ ಮನೆ ಮನೆಗೆ ಬರಲೇಬೇಕು. ನಮ್ಮ ಐನ್‌ಮನೆಗೆ (ಒಕ್ಕಲಿನ ಮೂಲಮನೆ) ಬಂದವರನ್ನು ಅಜ್ಜ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಐಮರದ ಹಲಗೆಯ ಮೇಲೆ ಕೂರಿಸುತ್ತಿದ್ದರು. ಕಾಫಿ ಬರುವವರೆಗೆ ಏಳುವಂತಿಲ್ಲ. ಕಾಫಿ ಯಾವಾಗ ಬರಬೇಕು ಅಂತ ಅಜ್ಜ ಕಣ್ಣಲ್ಲೇ ಒಳಗೆ ಹೇಳುತ್ತಿದ್ದರು. ಪ್ರಶ್ನೆಗೆ ಉತ್ತರ ಬಾರದೆ ಕಾಫಿಯೂ ಬರುತ್ತಿರಲಿಲ್ಲ.

ಮುಂದೆ ದೊಡ್ಡ ಪ್ರಶ್ನೆ ಒಂದೇ ಆಯಿತು, ಮೈಸೂರಿಗೆ ಸೇರಬೇಕಾ ಬೇಡವಾ. ಒಂದು ಸಂಜೆ ಎರಡು ಕಡೆಯವರೂ ಒಟ್ಟಿಗೆ ಬಂದುಬಿಟ್ಟಿದ್ದರು. ಒಂದೇ ಐಮರದಲ್ಲಿ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು. ನಾವು ಮಕ್ಕಳು ಕಂಬದ ಹಿಂದೆ ನಿಂತು ನೋಡಿದೆವು. ಏನು ಮಾತಾಡಿದರು ಅಂತ ಈಗ ಕೇಳಿದರೆ ನೆನಪಿಲ್ಲ. ಒಬ್ಬರ ಷೂ ಹೊಸದು, ಕೆಸರಾಗಿತ್ತು, ಅದು ನೆನಪಿದೆ. ಮಾದಾಪುರದವರು ಬರೆದದ್ದು ಸರಿಯೇ ಇರಬೇಕು.

1956ರ ನವೆಂಬರ್ 1ಕ್ಕೆ ಸೇರಿದ್ದಾಯಿತು.

ಕುಶಾಲನಗರ ಹುಡುಗ
13 ಸೆಪ್ಟೆಂಬರ್, ಸಂಜೆ 6.48

ಅಜ್ಜಾ, ಕಾಫಿ ಕೊಡದೆ ಕೂರಿಸುವುದು ಮೈಕ್ ಬಂದ್ ಮಾಡುವುದಕ್ಕಿಂತ ದೊಡ್ಡ ಶಿಕ್ಷೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಇದನ್ನೇ ಮಾಡೋಣ. ಅಲ್ಲಿ ಪಕ್ಷದ ಚಿಹ್ನೆಯೂ ಇಲ್ಲ.

ಬಾಳೆಲೆ ಬಾಣೆ
13 ಸೆಪ್ಟೆಂಬರ್, ಸಂಜೆ 7.02

ಚಿಹ್ನೆ ಇಲ್ಲ, ಪಕ್ಷ ಇದೆ. ನಿಮ್ಮ ಊರಿನಲ್ಲಿ ಯಾವ ಮನೆ ಯಾವ ಕಡೆ ಅಂತ ಗೊತ್ತಿಲ್ಲದ ನಾಯಿಯೂ ಇಲ್ಲ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ
7 ನವೆಂಬರ್ 2024, ರಾತ್ರಿ 8.15

ಹಳೆ ಚರ್ಚೆ ಮತ್ತೆ ಎತ್ತುತ್ತಿದ್ದೇನೆ, ಕ್ಷಮಿಸಿ. ಫಲಿತಾಂಶ ಬಂತು, ಟ್ರಂಪ್ ಗೆದ್ದರು. ಪೆನ್ಸಿಲ್ವೇನಿಯಾದ 19 ಎಲೆಕ್ಟೋರಲ್ ಮತವೂ ಅವರಿಗೇ. ಡಿಬೇಟ್ ಮುಗಿದ ರಾತ್ರಿ ಸಿಎನ್‌ಎನ್ ಸಮೀಕ್ಷೆಯಲ್ಲಿ ನೋಡಿದವರ ಪೈಕಿ ನೂರಕ್ಕೆ 63 ಜನ ಹ್ಯಾರಿಸ್ ಚೆನ್ನಾಗಿ ಮಾಡಿದರು ಅಂದಿದ್ದರು. ಬ್ರಿಟನ್‌ನಲ್ಲೂ ಹಾಗೇ ಆಗಿತ್ತು. 2010ರ ಮೊದಲ ಡಿಬೇಟ್ ಆದ ಮೇಲೆ ಎಲ್ಲರ ಬಾಯಲ್ಲೂ ಲಿಬರಲ್ ಡೆಮಾಕ್ರಟ್ ಪಕ್ಷದ ನಾಯಕ ನಿಕ್ ಕ್ಲೆಗ್. ಎಣಿಕೆ ದಿನ ಅವರ ಪಕ್ಷಕ್ಕೆ ಹಿಂದೆ ಇದ್ದದ್ದಕ್ಕಿಂತ ಸೀಟು ಕಡಿಮೆ. ಪೆನ್ಸಿಲ್ವೇನಿಯಾದ ಮಗಳು ಇದ್ದರೆ ಒಂದೆರಡು ಮಾತು ಹೇಳಬೇಕು.

ಪೆನ್ಸಿಲ್ವೇನಿಯಾದಿಂದ
8 ನವೆಂಬರ್, ಬೆಳಗ್ಗೆ 6.50

ಇದ್ದೇನೆ ಸರ್. ವೋಟು ಹಾಕಿದೆ. ಒಂದು ಗಂಟೆ ಕ್ಯೂ. ಯಾರಿಗೆ ಅಂತ ಚಿಕ್ಕಪ್ಪನಿಗೂ ಹೇಳಿಲ್ಲ, ಅವರೂ ಕೇಳಿಲ್ಲ.

ಕ್ಯೂನಲ್ಲಿ ನನ್ನ ಹಿಂದೆ ಮುಂದೆ ಇದ್ದವರು ಡಿಬೇಟ್ ಮಾತು ಎತ್ತಲೇ ಇಲ್ಲ. ಎರಡು ತಿಂಗಳ ಹಿಂದಿನ ಕಥೆ ಅದು. ಅವರು ಮಾತಾಡಿದ್ದು ಮೊಟ್ಟೆ ಬೆಲೆ, ಮನೆ ಬಾಡಿಗೆ, ಕಾರಿನ ಇನ್ಶೂರೆನ್ಸ್. ಹಿಂದೆ ನಿಂತಿದ್ದವರು ಹಳೆಯ ಬಿಲ್ ಒಂದನ್ನು ಫೋನಿನಲ್ಲಿ ಫೋಟೊ ಹಿಡಿದು ಇಟ್ಟುಕೊಂಡಿದ್ದರು. ಅದೇ ಅಂಗಡಿ, ಅದೇ ಸಾಮಾನು, ನಾಲ್ಕು ವರ್ಷದ ಹಿಂದೆ ಎಷ್ಟಿತ್ತು ಅಂತ ತೋರಿಸಿದರು. ಆಗ ನನಗೆ ಚಿಕ್ಕಪ್ಪನ ಹಾಳೆಯ ಮೊದಲ ಸೊನ್ನೆ ನೆನಪಾಯಿತು. ನಾಲ್ಕು ವರ್ಷದ ಹಿಂದಿಗಿಂತ ಚೆನ್ನಾಗಿದ್ದೀರಾ ಅನ್ನುವ ಪ್ರಶ್ನೆ. ಅದಕ್ಕೆ ಅವತ್ತು ಉತ್ತರ ಬರಲಿಲ್ಲ, ನಾವೂ ಯಾರೂ ಅದನ್ನು ಹಿಡಿದು ಕೇಳಲಿಲ್ಲ. ನಾನಂತೂ ಹುಬ್ಬು, ನಗು ಇದರಲ್ಲೇ ಇದ್ದೆ.

ನನ್ನ ಜೊತೆ ಕೆಲಸ ಮಾಡುವ ಆ ಹಿರಿಯರು ಈಗ ಊಟಕ್ಕೆ ಕಾರಿಗೆ ಹೋಗುತ್ತಾರೆ. ಕೆಲವು ದಿನ ನಾನೂ ಹೋಗುತ್ತೇನೆ.

ಚಿಕ್ಕಪ್ಪ, ಆ ಹಾಳೆಯ ಫೋಟೊ ಹಾಕುತ್ತೇನೆ ಅಂದಿದ್ದಿರಿ.

ತೋಟದಮನೆ, ಮಾದಾಪುರ
8 ನವೆಂಬರ್, ರಾತ್ರಿ 9.10

ಮನೆಯೆಲ್ಲ ಹುಡುಕಿದೆ ಮಗಳೇ. ಕೊನೆಗೆ ಚಿಕ್ಕಮ್ಮನನ್ನು ಕೇಳಿದರೆ, ಅಕ್ಕಿ ಡಬ್ಬ ತೊಳೆದು ಒಣಗಿಸಿದಾಗ ತಳಕ್ಕೆ ಆ ಹಾಳೆ ಹಾಸಿದ್ದಾಳಂತೆ. ಮೇಲೆ ಇಪ್ಪತ್ತೈದು ಕೆ.ಜಿ. ಅಕ್ಕಿ ಇದೆ. ಹುತ್ತರಿ ಹಬ್ಬಕ್ಕೆ ಹೊಸ ಅಕ್ಕಿ ತುಂಬುವಾಗ ತೆಗೆದು ಫೋಟೊ ಹಾಕುತ್ತೇನೆ.